ಅಗಸೂರಿನಲ್ಲಿ ಉಣ್ಣಿ ಇಲ್ಲ

ನಿಯಮ ಮುರಿದು ಪಶ್ಚಾತ್ತಾಪ ಪಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಿಯಮ ಪಾಲಿಸಿ ಪಶ್ಚಾತ್ತಾಪ ಪಡುವವನನ್ನು ನೋಡಬೇಕಾದರೆ ಕಾರವಾರಕ್ಕೆ ಬಂದು ನನ್ನನ್ನು ನೋಡಬೇಕು. ಔಷಧಿ ಸೀಸೆಯ ಮೇಲೆ ‘ಚೆನ್ನಾಗಿ ಅಲುಗಾಡಿಸಿ’ ಎಂದು ಬರೆದಿದ್ದರೆ ನಾನು ಗಡಿಯಾರ ನೋಡಿಕೊಂಡು ಅಲುಗಾಡಿಸುವ ಮನುಷ್ಯ. ಒಮ್ಮೆ ಬಸ್ಸಿನಲ್ಲಿ ಮಹಿಳೆಯರ ಸೀಟುಗಳೆಲ್ಲ ಖಾಲಿ, ಉಳಿದವು ಭರ್ತಿ. ಬಸ್ಸಿಗೆ ಬಸ್ಸೇ ಹುಡುಕಿದರೂ ಒಬ್ಬ ಹೆಂಗಸೂ ಇರಲಿಲ್ಲ. ಆದರೂ ನಾನು ಅಂಕೋಲೆಯವರೆಗೆ ಕಂಬ ಹಿಡಿದುಕೊಂಡು ನಿಂತೇ ಹೋದೆ. ಕಂಡಕ್ಟರು ಎರಡು ಸಲ ‘ಕೂತ್ಕಳ್ರಾ’ ಎಂದ. ಮೂರನೆಯ ಸಲ, ಇವರ ಮನೆಯವರು ಹೇಗೆ ಸುಧಾರಿಸುತ್ತಾರಪ್ಪಾ ಎನ್ನುವ ಹಾಗೆ ನೋಡಿದ. ನನ್ನ ಹೆಂಡತಿ ಮದುವೆಯಾದ ವರ್ಷದಿಂದ ನನ್ನನ್ನು ನೋಡುವುದೂ ಹಾಗೆಯೇ.

ಪಶು ಆಸ್ಪತ್ರೆಯಲ್ಲಿ ನನ್ನದು ಸಣ್ಣ ಕೆಲಸ. ಡಾಕ್ಟರು ಸೂಜಿ ಚುಚ್ಚುವಾಗ ದನದ ಮೂಗುದಾರ ಹಿಡಿಯುವುದು, ಅದು ಒದೆಯುವುದನ್ನು ನಿಲ್ಲಿಸಿದ ಮೇಲೆ ಹೋಗಿ ರಿಜಿಸ್ಟರಿನಲ್ಲಿ ಬರೆಯುವುದು. ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಘಟ್ಟದ ಮೇಲಿನ ಒಂದು ಕಾಲೇಜಿನವರು ಕಾರವಾರ ಮತ್ತು ಅಂಕೋಲಾ ತಾಲೂಕುಗಳ ದನಗಳ ಮೈಮೇಲೆ ಯಾವ ಯಾವ ಉಣ್ಣಿ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ನಕ್ಷೆ ಮಾಡುವುದಾಗಿ ಹೊರಟರು. ಸಮುದ್ರದ ಕಡೆ ಬೂದು ಬಣ್ಣದ ದಪ್ಪ ಉಣ್ಣಿ, ಕಾಡಿನ ಅಂಚಿಗೆ ಕಂದು ಬಣ್ಣದ ಸಣ್ಣ ಉಣ್ಣಿ, ನಡುವೆ ಯಾವುದು ಎಂಬುದು ಅವರ ಕುತೂಹಲ. ನಮಗಿದ್ದ ಆಸೆ ಬೇರೆ. ಉಣ್ಣಿ ಹೆಚ್ಚು ಕಂಡ ಊರಿಗೆ ಮಳೆಗಾಲದ ಮೊದಲೇ, ದನದ ಬೆನ್ನಿಗೆ ಹಾಕುವ ಔಷಧಿಯನ್ನು ಪುಕ್ಕಟೆ ಕೊಡುತ್ತಾರಂತೆ. ಉಣ್ಣಿ ಹೆಕ್ಕಿ ತರುವ ಕೆಲಸಕ್ಕೆ ಯಾರನ್ನು ಕಳಿಸುವುದು ಎಂದಾಗ ಡಾಕ್ಟರು ಹಿಂದೆ ಮುಂದೆ ನೋಡದೆ ನನ್ನ ಹೆಸರು ಹೇಳಿದರು. ಬೇರೆಯವರನ್ನು ಕಳಿಸಿದರೆ ಅಂದಾಜಿಗೆ ಬರೆದುಬಿಡುತ್ತಾರೆ, ಇವನಾದರೆ ಉಣ್ಣಿಯ ಕಾಲನ್ನೂ ಎಣಿಸುತ್ತಾನೆ ಎಂದರಂತೆ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಕಾಲೇಜಿನವರು ಎರಡು ಪುಟದ ಸೂಚನೆ ಕಳಿಸಿದ್ದರು. ಊರಿಗೆ ಹೋಗುವ ಹಿಂದಿನ ದಿನ ದನದ ಯಜಮಾನರಿಗೆ ತಿಳಿಸಬೇಕು. ಕಿವಿ, ಕೊರಳಡಿ ಜೋಲುವ ಗಂಗೆದೊಗಲು, ಕೆಚ್ಚಲು, ಬಾಲದ ಬುಡ ಇಷ್ಟನ್ನೂ ನೋಡಬೇಕು. ಬದುಕಿರುವ ಉಣ್ಣಿಯನ್ನು ದನದ ಮೈಯಿಂದ ಸ್ವತಃ ತೆಗೆದು, ಎಣಿಸಿ, ಸ್ಪಿರಿಟ್ ಇರುವ ಸೀಸೆಗೆ ಹಾಕಿ ಊರಿನ ಹೆಸರು ಬರೆಯಬೇಕು. ನಾನು ಇದನ್ನು ಬಾಯಿಪಾಠ ಮಾಡಿದೆ. ಸಂಜೆ ತಂದ ಸೀಸೆಗಳನ್ನು ಆಸ್ಪತ್ರೆಗೆ ಮುಟ್ಟಿಸುವವರೆಗೆ ಮನೆಯ ಶೋಕೇಸಿನಲ್ಲಿ ಸಾಲಾಗಿ ಇಡುತ್ತಿದ್ದೆ. ರಕ್ತ ಕುಡಿದು ಊದಿದ ಉಣ್ಣಿ ಥೇಟ್ ಹರಳುಬೀಜದಂತೆ ಇರುತ್ತದೆ. ಮನೆಗೆ ಬಂದ ನಾದಿನಿ ಒಂದು ಸೀಸೆ ಎತ್ತಿ, ಇದು ಯಾವ ಬಳ್ಳಿಯ ಬೀಜ ಭಾವ, ನನಗೂ ನಾಲ್ಕು ಕೊಡಿ, ಹಿತ್ತಿಲಲ್ಲಿ ಹಾಕುತ್ತೇನೆ ಎಂದಳು. ನಾನು ನಿಜ ಹೇಳಿದೆ. ಆಕೆ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ‘ತುಮಕಾ ಪಿಶೆ ಲಾಗ್ಲಾ’ ಎಂದು ಹೆಂಡತಿ ಕೊಂಕಣಿಯಲ್ಲಿ ನನ್ನ ಹುಚ್ಚನ್ನು ಖಾತ್ರಿಪಡಿಸಿದಳು. ಹಣೆಬರಹ ಎಂದುಕೊಂಡು ಸೀಸೆಗಳನ್ನು ಮಂಚದ ಕೆಳಗೆ ಸಾಗಿಸಿದೆ.

ಮೊದಲು ಹೋದದ್ದು ಚೆಂಡಿಯಾಕ್ಕೆ. ಅಲ್ಲಿ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಬಂದು ನೆಲೆಸಿದ ಒಬ್ಬರು ಸಣ್ಣ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ‘ಗದ್ದೆ ಇದ್ದಾಗ ಹನ್ನೊಂದು ದನ ಇದ್ವು. ಆಗ ಬರ್ಬೇಕಾಗಿತ್ತು ನೀವು, ಬುಟ್ಟಿಗಟ್ಟಲೆ ಕೊಡ್ತಿದ್ದೆ’ ಎಂದರು. ಅವರ ಹತ್ತಿರ ಈಗ ಒಂದೇ ಹಸು. ಅದರ ಮೈಮೇಲೆ ಸಿಕ್ಕಿದ್ದು ನಾಲ್ಕು ಉಣ್ಣಿ. ಉಣ್ಣಿ ಕಡಿಮೆಯಾದದ್ದಕ್ಕೆ ಮನುಷ್ಯ ಬೇಸರ ಪಟ್ಟದ್ದನ್ನು ನಾನು ಕಂಡದ್ದು ಅಲ್ಲಿಯೇ. ಅವರ್ಸಾದಲ್ಲಿ ಮಾತ್ರ ಸುಗ್ಗಿ. ಅಲ್ಲಿಯವರು ನನಗೆ ‘ಉಣ್ಗಿನ ಮಾಸ್ತರ’ ಎಂದು ಹೆಸರಿಟ್ಟು, ‘ಒಂದನ್ನೂ ಬಿಡೂಕಾಗ ಮಾಸ್ತರೆ, ಎಲ್ಲಾ ತಕಂಡೇ ಹೋಗ್ಬೇಕು’ ಎಂದು ದನದ ಹಟ್ಟಿಯಿಂದ ಹಟ್ಟಿಗೆ ಕರೆದೊಯ್ದರು. ಸೀಸೆಗಳು ಕತ್ತಿನವರೆಗೆ ತುಂಬಿದವು.

ಇನ್ನು ಸಮುದ್ರಕ್ಕೂ ಕಾಡಿಗೂ ನಡುವಿನ ಅಗಸೂರು. ಸೂಚನೆಯಲ್ಲಿದ್ದಂತೆ ಹಿಂದಿನ ದಿನವೇ ಫೋನು ಮಾಡಿಸಿ, ನಾಳೆ ದನ ನೋಡಲು ಬರುತ್ತೇನೆ ಎಂದು ಒಂದು ಕೇರಿಯ ಐದು ಮನೆಗಳಿಗೆ ತಿಳಿಸಿದ್ದೆ. ಮೊದಲ ಮನೆ ಬೀರಮ್ಮನದು. ಗದ್ದೆ ಕೂಲಿಗೆ ಹೋಗುವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ತಾನೇ ದುಡಿದು ಕೊಂಡ ಮುತ್ತಿ ಎಂಬ ಮಿಶ್ರತಳಿಯ ಹಸು, ಅದರ ಹೆಣ್ಣುಕರು, ಇವೆರಡೇ ಆಕೆಯ ಆಸ್ತಿ. ನಾನು ಹೋಗುವಷ್ಟರಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಮುತ್ತಿಗೆ ದೀಪಾವಳಿಯ ಗೋಪೂಜೆಗೆ ಮಾಡುವಂತೆ ಮೀಸಿ, ಕೊಂಬಿಗೆ ಎಣ್ಣೆ ಹಚ್ಚಿ, ಹಣೆಗೆ ಕುಂಕುಮ ಇಟ್ಟಿದ್ದಳು. ನಾನು ಕಿವಿ ಮಗುಚಿದೆ, ಬಾಲ ಎತ್ತಿದೆ, ಕೆಚ್ಚಲಿನ ಸಂದಿಯಲ್ಲಿ ಟಾರ್ಚು ಬಿಟ್ಟೆ. ಎಷ್ಟು ಹುಡುಕಿದರೂ ಒಂದೂ ಉಣ್ಣಿಯಿಲ್ಲ.

‘ಎಲ್ಲಿ ಸಿಕ್ತದೆ ಒಡ್ಯಾ?’ ಎಂದು ಬೀರಮ್ಮ ಹೆಮ್ಮೆಯಿಂದ ನಕ್ಕಳು. ‘ನೀವು ಬರೂದು ಗೊತ್ತಾದ ಕೂಡ್ಲೆ ಕೂತ್ಕಂಡೆ. ಒಂದೊಂದೇ ಕಿತ್ತು ಕಿತ್ತು ಬೆರಳು ಸೋತ್ ಹೋಯ್ತು. ಸರಕಾರದೋರ ಮುಂದೆ ಮೈತುಂಬ ಉಣ್ಗಿದ್ದ ದನ ನಿಲ್ಸೂಕೆ ನಾಚ್ಕೆ ಆಗೂದಿಲ್ವೆ?’ ಹಾಗೆಂದು ಒಳಗಿನಿಂದ ತೆಂಗಿನ ಕರಟವೊಂದನ್ನು ತಂದು ತೋರಿಸಿದಳು. ಸೀಮೆಎಣ್ಣೆಯಲ್ಲಿ ಅಂಚಿನವರೆಗೂ ಉಣ್ಣಿ.

ನಾನು ತಲೆ ಕೆರೆದುಕೊಂಡು, ನನಗೆ ಬೇಕಾಗಿದ್ದದ್ದೇ ಅವು ಎಂದೆ. ಆಕೆಗೆ ಪಾಪ, ಏನೂ ಅರ್ಥವಾಗಲಿಲ್ಲ. ‘ಹಂಗಾರೆ ಇದನ್ನೇ ತಕಂಡ್ ಹೋಗಿ’ ಎಂದು ಕರಟ ಮುಂದೆ ಹಿಡಿದಳು. ಆಗ ನಾನು ಏನು ಮಾಡಬೇಕಿತ್ತು? ಕರಟ ಈಸಿಕೊಳ್ಳಬೇಕಿತ್ತು. ಅದಾಗದಿದ್ದರೆ ಕಾಲೇಜಿನವರು ಕೊಟ್ಟ ಫಾರಂನ ಕೊನೆಯಲ್ಲಿ ‘ಷರಾ’ ಎಂದು ನಾಲ್ಕು ಬೆರಳಗಲ ಜಾಗ ಬಿಟ್ಟಿದ್ದರು, ಅಲ್ಲಿ ನಡೆದದ್ದನ್ನು ಒಂದು ಸಾಲು ಬರೆಯಬೇಕಿತ್ತು. ನಾನು ಅದರ ಬದಲು ಅಂಗಳದಲ್ಲಿ ನಿಂತು ಉಪನ್ಯಾಸ ಕೊಟ್ಟೆ. ಉಣ್ಣಿ ಬದುಕಿರಬೇಕು, ದನದ ಮೈಮೇಲೆಯೇ ಇರಬೇಕು, ನಾನೇ ತೆಗೆಯಬೇಕು, ಸೀಮೆಎಣ್ಣೆಯಲ್ಲಿ ಸತ್ತದ್ದು ನಡೆಯುವುದಿಲ್ಲ ಎಂದು ಬೆರಳು ಮಡಿಚಿ ಹೇಳಿದೆ. ಉಳಿದ ನಾಲ್ಕು ಮನೆಯಲ್ಲೂ ಇದೇ ಕಥೆ. ಎಲ್ಲ ದನಗಳೂ ಮಿಂದು ಮದುಮಕ್ಕಳಂತೆ ನಿಂತಿದ್ದವು, ಎಲ್ಲ ಮನೆಯಲ್ಲೂ ಒಂದೊಂದು ಕರಟ. ನಾನು ಫಾರಂನಲ್ಲಿ ಐದೂ ಮನೆಯ ಹೆಸರಿನ ಮುಂದೆ ದುಂಡಗೆ ಸೊನ್ನೆ ಬರೆದೆ. ಇನ್ನೊಂದು ದಿನ ಹೇಳದೆ ಬಂದರಾಯಿತು ಎಂದು ಒಂದು ಕ್ಷಣ ಅನ್ನಿಸಿತ್ತು. ಹೇಳದೆ ಹೋಗಲು ಸೂಚನೆಯಲ್ಲಿ ಅವಕಾಶವಿರಲಿಲ್ಲ. ಬೀರಮ್ಮ ದಪ್ಪ ಹಾಲಿನ ಚಹಾ ಕೊಟ್ಟು, ‘ನಮ್ ಮುತ್ತಿ ಪಾಸಾಯ್ತಾ ಒಡ್ಯಾ?’ ಎಂದಳು. ಫಸ್ಟ್ ಕ್ಲಾಸ್ ಎಂದೆ. ಆಕೆ ಹಸುವಿನ ಕುತ್ತಿಗೆ ತಟ್ಟಿದಳು.

ನಕ್ಷೆ ಬಂತು. ಆಸ್ಪತ್ರೆಯ ಗೋಡೆಗೆ ಅಂಟಿಸಿದರು. ಅವರ್ಸಾದ ಮೇಲೆ ದಪ್ಪ ಉಣ್ಣಿಯ ಕೆಂಪು ಚುಕ್ಕೆಗಳ ಜಾತ್ರೆ, ಕಾಡಿನ ಕಡೆ ಕಂದು ಚುಕ್ಕೆ, ಅಗಸೂರು ಮಾತ್ರ ಸ್ವಚ್ಛ ಬಿಳಿ. ಉಣ್ಣಿಗಳು ಎರಡೂ ಕಡೆಯಿಂದ ಬಂದು ಅಗಸೂರಿನ ಗಡಿಯಲ್ಲಿ ಚಪ್ಪಲಿ ಬಿಟ್ಟು ಹಿಂದೆ ತಿರುಗಿದಂತೆ ಕಾಣುತ್ತಿತ್ತು. ನಗು ಬರಬೇಕಾದ ನಕ್ಷೆ. ಯಾರೂ ನಗಲಿಲ್ಲ, ನಾನಂತೂ ನಗಲಿಲ್ಲ, ಯಾಕೆಂದರೆ ನನ್ನ ಕೈಬರಹ ಅಚ್ಚುಕಟ್ಟಾಗಿದೆ ಎಂದು ಕಾಲೇಜಿನವರು ಬರೆದ ಕಾಗದ ಅದೇ ಗೋಡೆಯ ಮೇಲಿತ್ತು. ಔಷಧಿಯ ಪೆಟ್ಟಿಗೆಗಳು ಬಂದವು. ಚುಕ್ಕೆ ಹೆಚ್ಚಿದ್ದ ಊರುಗಳಿಗೆ ಹೋದವು. ಅಗಸೂರಿಗೆ ಒಂದು ಬಾಟಲಿಯೂ ಹೋಗಲಿಲ್ಲ. ಮಳೆ ಹಿಡಿಯಿತು. ಕಿತ್ತ ಉಣ್ಣಿಯ ಜಾಗಕ್ಕೆ ಹೊಸ ಉಣ್ಣಿ ಬರಲು ಎಷ್ಟು ದಿನ ಬೇಕು? ಗದ್ದೆಯಲ್ಲಿ ಭತ್ತದ ನೆಟ್ಟಿ ಶುರುವಾದ ಮೇಲೆ ದನದ ಹತ್ತಿರ ಕೂತು ಉಣ್ಣಿ ಹೆಕ್ಕಲು ಯಾವ ಹೆಂಗಸಿಗೆ ಪುರುಸೊತ್ತು?

ಚೌತಿ ಮುಗಿದ ವಾರದಲ್ಲಿ ಮುತ್ತಿಗೆ ಜ್ವರ ಬಂತು. ಮೇವು ಬಿಟ್ಟಿತು, ಮೂತ್ರ ಕೆಂಪಾಯಿತು. ಡಾಕ್ಟರು ಹೋಗಿ ಸೂಜಿ ಕೊಟ್ಟರು. ಉಣ್ಣಿಯಿಂದ ಬರುವ ಜ್ವರ, ತಡವಾಗಿತ್ತು. ಮೂರನೇ ದಿನ ಹಸು ಸತ್ತಿತು. ನಾನು ಡಾಕ್ಟರ ಮುಂದೆ ನಿಂತು ಕರಟದ ಸಂಗತಿಯನ್ನೆಲ್ಲ ಹೇಳಿ, ಆ ಔಷಧಿ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ಖಂಡಿತ ಹೇಳೂಕೆ ಬರೂದಿಲ್ಲ ಮಾರಾಯ್ರೆ. ಉಳೀತಿತ್ತೇನೋ’ ಎಂದರು. ಆ ‘ಏನೋ’ ನನ್ನನ್ನು ಊಟಕ್ಕೆ ಕೂತಾಗಲೂ ಬಿಡಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹೆಂಡತಿ ಎಲ್ಲ ಕೇಳಿ, ಈ ಸಲ ಹುಚ್ಚು ಎನ್ನಲಿಲ್ಲ. ಹೋಗಿ ಆ ಹೆಂಗಸಿನ ಹತ್ತಿರ ತಪ್ಪಾಯಿತು ಅನ್ನಿ, ಅಷ್ಟಾದರೂ ಮಾಡಿ ಎಂದಳು.

ಮುಂದಿನ ತಿಂಗಳು ಒಂದು ರವಿವಾರ, ಕರುವಿಗಾಗಿ ಅದೇ ಔಷಧಿಯ ಬಾಟಲಿ ಕೊಂಡುಕೊಂಡು ಅಗಸೂರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ. ಅಭ್ಯಾಸಬಲ, ಜೇಬಿನಲ್ಲಿ ಚಿಮಟ ಮತ್ತು ಸೀಸೆಯೂ ಇದ್ದವು. ನಾನು ಅಂಗಳ ಸೇರುವುದರೊಳಗೆ ಬೀರಮ್ಮನೇ ಓಡಿ ಬಂದಳು.

‘ನಿಮ್ಮ ಹತ್ರ ತಪ್ಪಾಯ್ತು ಅನ್ನೂಕೇ ಆಗ್ಲಿಲ್ಲ ಒಡ್ಯಾ. ನಮ್ಮಲ್ಲೆ ಉಣ್ಗಿಲ್ಲ ಅಂದೇಳಿ ಬರ್ಸ್ಕಂಡದ್ದಕ್ಕೆ ಔಷ್ದಿ ಬರ್ಲಿಲ್ಲ ಅಂದ್ರು ಡಾಕ್ಟ್ರು. ನಾನೇ ಕಿತ್ತ್ ಹಾಕ್ಕಂಡೆ. ನನ್ ಕೈಯಾರೆ ನನ್ ಮುತ್ತೀನ ಕಳ್ಕಂಡೆ’ ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನಾನು ಬಾಯಿ ತೆರೆದೆ. ಆಕೆ ಕೈ ಹಿಡಿದು ಎಳೆಯುವುದೊಂದೇ ಬಾಕಿ, ‘ಬನ್ನಿ, ಈ ಸಲ ಹಂಗೆ ಮಾಡ್ಲಿಲ್ಲ. ಕರೀನ ಮೈಯಿಂದ ಒಂದನ್ನೂ ಮುಟ್ಲಿಲ್ಲ. ನೀವು ಬಂದ್ ಎಣ್ಸ್ಲಿ ಅಂದೇಳಿ ಇಟ್ಕಂಡಿದ್ದೆ’ ಎಂದು ಹಟ್ಟಿಗೆ ಕರೆದೊಯ್ದಳು.

ಕರಿ ಎಂದರೆ ಆ ಕರು. ಕಿವಿಯ ಒಳಗೆ ಜಾಗವಿರಲಿಲ್ಲ. ಗಂಗೆದೊಗಲಿನ ಮಡಿಕೆಯಲ್ಲಿ ಸಾಲು ಸಾಲಾಗಿ ಕೂತಿದ್ದವು. ಕರು ನಿಂತಲ್ಲೇ ತೂಗಾಡುತ್ತಿತ್ತು. ನಾನು ತಂದಿದ್ದ ಔಷಧಿಯ ಬಾಟಲಿ ತೆಗೆದೆ. ಔಷಧಿ ಹಾಕಿದರೆ ಉಣ್ಣಿ ಸಾಯುತ್ತದೆ, ಸತ್ತದ್ದು ನಡೆಯುವುದಿಲ್ಲವಲ್ಲ, ಮೊದಲು ಎಣಿಸಿಬಿಡಿ ಎಂದು ಬೀರಮ್ಮನೇ ನನಗೆ ನನ್ನ ಪಾಠ ಒಪ್ಪಿಸಿದಳು. ಚಿಮಟ ತೆಗೆದು ಕುಕ್ಕರಗಾಲಿನಲ್ಲಿ ಕೂತೆ. ಎಡಗಿವಿ, ಬಲಗಿವಿ, ಕೊರಳು, ಬಾಲದ ಬುಡ. ಬೂದು ಬಣ್ಣದವನ್ನು ಒಂದು ಕಡೆ, ಕಂದು ಬಣ್ಣದವನ್ನು ಇನ್ನೊಂದು ಕಡೆ. ಹೌದು, ಅಗಸೂರಿನಲ್ಲಿ ಎರಡೂ ಇದ್ದವು! ಆಕೆ ಕರುವಿನ ತಲೆ ಹಿಡಿದು ನಿಂತು, ನಾನು ಎಣಿಸಿದಂತೆಲ್ಲ ಬೆರಳು ಮಡಿಚುತ್ತಿದ್ದಳು. ನೂರ ಮೂವತ್ತೇಳು. ಆಮೇಲೆ ಬೆನ್ನಿಗೆ ಔಷಧಿ ಹಾಕಿ, ವಾರದಲ್ಲಿ ಚೇತರಿಸುತ್ತದೆ ಎಂದು ಧೈರ್ಯ ಹೇಳಿ, ಸೀಸೆಯ ಮೇಲೆ ‘ಅಗಸೂರು’ ಎಂದು ಸ್ಪಷ್ಟವಾಗಿ ಬರೆದು, ಚಹಾ ಕುಡಿದು ಬಸ್ಸು ಹತ್ತಿದೆ.

ಮನಸ್ಸಿಗೆ ಬಹಳ ದಿನಗಳ ಮೇಲೆ ಹಗುರವೆನಿಸಿತ್ತು. ಕಿಟಕಿಯ ಬೆಳಕಿಗೆ ಸೀಸೆ ಹಿಡಿದು, ಲೆಕ್ಕ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡುತ್ತಾ ಬಂದೆ. ಮನೆಯ ಬಾಗಿಲು ತೆಗೆದ ಹೆಂಡತಿ, ‘ತಪ್ಪಾಯಿತು ಅಂದಿರಾ? ಅವಳು ಏನಂದಳು?’ ಎಂದು ಕೇಳುವವರೆಗೂ, ನಾನು ಅಗಸೂರಿಗೆ ಹೋದದ್ದು ಯಾಕೆ ಎಂಬುದು ನನಗೆ ನೆನಪಾಗಲಿಲ್ಲ.