ಎಂಟು ಸಡಿಲ, ಹತ್ತು ಬಿಗಿ

ಪೀಣ್ಯದಲ್ಲಿ ಸಿಗದ ಬೋಲ್ಟು ಭೂಮಿಯ ಮೇಲೆಯೇ ಇಲ್ಲ. ಇದು ನಾನು ಊರಿಗೆಲ್ಲ ಹೇಳಿಕೊಂಡು ಬಂದ ಮಾತು. ಇಪ್ಪತ್ತು ವರ್ಷದಿಂದ ಅಲ್ಲಿನ ಕಾರ್ಖಾನೆಗಳಿಗೆ ರಟ್ಟಿನ ಡಬ್ಬ ಸರಬರಾಜು ಮಾಡುತ್ತಿರುವವನು ನಾನು. ಯಾವ ಗಲ್ಲಿಯಲ್ಲಿ ಸ್ಕ್ರೂ, ಯಾವ ಗಲ್ಲಿಯಲ್ಲಿ ಸ್ಪ್ರಿಂಗು, ಯಾವ ಅಂಗಡಿಯವನು ಎರಡು ಸಲ ‘ಆಗಲ್ಲ’ ಎಂದು ಮೂರನೆಯ ಸಲ ಇಳಿಯುತ್ತಾನೆ ಎಂಬುದೆಲ್ಲ ನನಗೆ ಬಾಯಿಪಾಠ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾರೆ. ಕೇಳದಿದ್ದರೂ ನಾನು ಹೇಳುತ್ತೇನೆ.

ಇಂಥ ನಾನು, ಕಳೆದ ಆಯುಧಪೂಜೆಗೆ ಎರಡು ದಿನವಿರುವಾಗ, ನಮ್ಮ ಮಾವನವರ ಸ್ಕೂಟರಿನ ಮೇಲೆ ಕೈಯಿಟ್ಟೆ.

ಮಾವ ಇದೇ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ಆಯುಷ್ಯ ಸವೆಸಿದವರು. ಈಗ ಅತ್ತೆಯ ಜೊತೆ ನಮ್ಮ ಮನೆಯ ಮಹಡಿಯಲ್ಲೇ ಇದ್ದಾರೆ. ಮೊಣಕಾಲು ಕೈಕೊಟ್ಟ ಮೇಲೆ ಡಾಕ್ಟರು ಸ್ಕೂಟರ್ ಮುಟ್ಟಕೂಡದು ಎಂದರು. ಮಾವ ಚೌಕಾಸಿ ಮಾಡಿ ವರ್ಷಕ್ಕೆ ಒಂದು ದಿನಕ್ಕೆ ಒಪ್ಪಿಸಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅಂದು! ಆಯುಧಪೂಜೆಯ ಬೆಳಿಗ್ಗೆ ತಾವೇ ಕಿಕ್ ಹೊಡೆದು, ಅತ್ತೆಯನ್ನು ಹಿಂದೆ ಕೂರಿಸಿಕೊಂಡು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಬೀದಿಯ ತುದಿಯ ಹಾಲಿನ ಬೂತಿನವರೆಗೆ ಹೋಗಿ ಬರುತ್ತಾರೆ. ಅಷ್ಟೇ ಸವಾರಿ. ಆ ಅಷ್ಟಕ್ಕೆ ಅತ್ತೆ ಎಂಟು ದಿನ ಮುಂಚೆಯೇ ರೇಷ್ಮೆ ಸೀರೆ ತೆಗೆದು ಗಾಳಿಗೆ ಹರವುತ್ತಾರೆ.

ಹೀಗಿರುವಾಗ ಸ್ಕೂಟರಿನ ಕಿಕ್ಕರ್ ಕೊಂಚ ಅಲ್ಲಾಡುತ್ತಿರುವುದು ನನ್ನ ಕಣ್ಣಿಗೆ ಬಿತ್ತು.

“ರೀ, ಮೆಕ್ಯಾನಿಕ್ ಕರೀರಿ,” ಎಂದಳು ನನ್ನ ಹೆಂಡತಿ ಸುಜಾತ.

“ಒಂದು ಬೋಲ್ಟ್ ತಿರುಗ್ಸೋಕೆ ಮೆಕ್ಯಾನಿಕ್ಕಾ? ಕೈ ನಂದು, ಸ್ಪ್ಯಾನರ್ ನಂದು!”

“ಗಾಡಿ ಅಪ್ಪಂದು.”

ಇಂಥ ಮಾತಿಗೆ ಹಿಂಜರಿಯುವವನು ನಾನಲ್ಲ. ಒಂದು ಸುತ್ತು ತಿರುಗಿಸಿದೆ, ಬಿಗಿಯಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇನ್ನೊಂದು ಸುತ್ತು ಪುಕ್ಕಟೆಯಾಗಿ ಸಿಗುವಾಗ ಬಿಡುವುದು ಹೇಗೆ? ಟಕ್! ಬೋಲ್ಟಿನ ತಲೆ ಸ್ಪ್ಯಾನರಿನ ಜೊತೆ ನನ್ನ ಕೈಗೆ ಬಂತು. ಮುಂಡ ಒಳಗೇ ಉಳಿಯಿತು.

“ಅಪ್ಪಂಗೆ ಹೇಳ್ಬಿಡಿ,” ಎಂದಳು ಸುಜಾತ.

“ಹೇಳೋದೇನಿದೆ? ನಾಳೆ ಒಂದು ಗಂಟೇಲಿ ಬೋಲ್ಟ್ ತಂದು ಹಾಕ್ತೀನಿ. ಅವ್ರಿಗೆ ಗೊತ್ತೇ ಆಗಲ್ಲ.”

ಇಕ್ಕಳ ಹಾಕಿ ಮುಂಡವನ್ನು ಕಿತ್ತು, ಕಿಕ್ಕರನ್ನು ಕಳಚಿ ಕೈಚೀಲದಲ್ಲಿಟ್ಟುಕೊಂಡು, ಸ್ಕೂಟರಿಗೆ ಹಳೆಯ ಬೆಡ್‌ಶೀಟು ಹೊದಿಸಿದೆ. ಅಪರಾಧಿಗಳು ಹೀಗೇ ಮಾಡುತ್ತಾರಂತೆ.

ಮರುದಿನ ಬೆಳಿಗ್ಗೆ ಪೀಣ್ಯದ ಮೊದಲ ಅಂಗಡಿ. ಗಲ್ಲಾದಲ್ಲಿ ಬಾಗಲಕೋಟೆ ಕಡೆಯ ಗಿರಿಜಾ ಮೀಸೆಯವರೊಬ್ಬರಿದ್ದರು. ಕಿಕ್ಕರಿನ ತೂತಿಗೆ ಎಂಟು ಮಿಲಿಮೀಟರಿನ ಬೋಲ್ಟು ಹಾಕಿದರು. ಬಾವಿಗೆ ಬಿದ್ದ ಕಲ್ಲಿನ ಹಾಗೆ ಒಳಗಿಳಿಯಿತು, ಕಿಕ್ಕರನ್ನು ಬೋರಲು ಮಾಡಿದರೆ ಉದುರಿತು. ಹತ್ತರದ್ದು ಹಾಕಿದರು. ಮೂಗು ಸಹ ತೂರಲಿಲ್ಲ.

“ಒಂಬತ್ತರದ್ದು ಕೊಡಿ,” ಎಂದೆ, ಲೋಕಕ್ಕೆಲ್ಲ ಬುದ್ಧಿ ಹೇಳುವವನ ಧಾಟಿಯಲ್ಲಿ.

“ಒಂಬತ್ತ್ ಇಲ್ರಿ ಸರ. ಎಂಟರ ಮ್ಯಾಲ ಹತ್ತ ಐತಿ.”

“ಅದೆಂಗ್ರೀ? ಮಗ್ಗೀಲಿ ಎಂಟಾದ್ಮೇಲೆ ಒಂಬತ್ತು ತಾನೇ?”

“ಮಗ್ಗ್ಯಾಗ ಐತ್ರಿ. ಅಂಗಡ್ಯಾಗ ಇಲ್ರಿ.”

ಅಲ್ಲಿಂದ ರಾಜಗೋಪಾಲನಗರದ ಹಳೇ ಸ್ಕೂಟರ್ ಬಿಡಿಭಾಗದ ಅಂಗಡಿಗೆ ಹೋದೆ. ಅವನು ನೋಡಿದವನೇ, “ಈ ಗಾಡೀಗೆ ಎಂಟೇ ಬರೋದು ಸಾರ್,” ಎಂದು ಹೊಸ ಬೋಲ್ಟ್ ಹಾಕಿದ. ಅದೂ ಉದುರಿತು. “ಬೋಲ್ಟ್ ಸರಿಗಿದೆ ಸಾರ್. ನಿಮ್ ಕಿಕ್ಕರ್ರೇ ಸರಿ ಇಲ್ಲ,” ಎಂದು ತೀರ್ಪು ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಏಳು ಅಂಗಡಿಯಾಗಿತ್ತು. ಏಳರಲ್ಲೂ ಒಂದೇ ಮಂತ್ರ: ಎಂಟು ಸಡಿಲ, ಹತ್ತು ಬಿಗಿ!

ಎಂಟನೆಯದು ಸಗಟು ಅಂಗಡಿ. ಅಲ್ಲಿ ನನಗೆ ಮಹತ್ತರವಾದ ಉಪಾಯವೊಂದು ಹೊಳೆಯಿತು. ಹತ್ತರ ಬೋಲ್ಟನ್ನು ಅರದಿಂದ ಉಜ್ಜಿದರೆ ಒಂಬತ್ತು ಆಗಲೇಬೇಕಲ್ಲ! ಒಂದು ಬೋಲ್ಟು ಕೇಳಿದೆ.

“ಬಿಡಿ ಕೊಡಲ್ಲ ಸಾರ್, ಕೆಜಿ ಲೆಕ್ಕ.”

ಬೆಲೆ ಹೇಳಿದ. ನನ್ನೊಳಗಿನ ವ್ಯಾಪಾರಿ ಎದ್ದು ನಿಂತ. ಅವನು ‘ಆಗಲ್ಲ’ ಎಂದ. ನಾನು ಮೆಟ್ಟಿಲಿಳಿದೆ. ಅವನು ಕೂಗಿದ. ನಾನು ಕೇಳಿಸದವನಂತೆ ನಾಲ್ಕು ಹೆಜ್ಜೆ ನಡೆದೆ. ಅರ್ಧ ಗಂಟೆಯ ಘೋರ ಯುದ್ಧದ ಕೊನೆಗೆ, ಮೂರು ಕೆಜಿ ತೆಗೆದುಕೊಂಡರೆ ಬೆಲೆ ಇಳಿಸಿ, ವಾಷರನ್ನು ಪುಕ್ಕಟೆ ಕೊಡಲು ಅವನು ಶರಣಾದ. ಗೆದ್ದೆ! ಒಂದು ಸಲಹೆ ಕೊಡುತ್ತೇನೆ, ಬರೆದಿಟ್ಟುಕೊಳ್ಳಿ: ಚೌಕಾಸಿಯಲ್ಲಿ ಗೆದ್ದ ಮನುಷ್ಯನಿಗೆ, ಆ ವಸ್ತು ತನಗೆ ಬೇಕಿತ್ತೇ ಎಂಬುದು ಮನೆ ತಲುಪಿದ ಮೇಲೆಯೇ ನೆನಪಾಗುವುದು.

ಮನೆಗೆ ಬಂದು ಹಿತ್ತಲಲ್ಲಿ ಕೂತು ಉಜ್ಜಿದೆ. ಬೋಲ್ಟು ಒಂಬತ್ತಕ್ಕೆ ಇಳಿಯಿತು, ನಿಜ. ಆದರೆ ಅದರ ಮೈಮೇಲಿನ ತಿರುಪಿನ ಗೆರೆಯೆಲ್ಲ ಹೊರಟುಹೋಗಿ, ತಲೆ ದಪ್ಪವಿರುವ ಮೊಳೆಯೊಂದು ನನ್ನ ಕೈಯಲ್ಲಿತ್ತು. ಇನ್ನೊಂದು ಉಜ್ಜಿದೆ. ಇನ್ನೊಂದು ಮೊಳೆ.

ಆಗ ಮುಂಬಾಗಿಲ ಕಡೆಯಿಂದ ಕರೆ ಬಂತು. “ಅಳಿಯಂದ್ರೇ!”

ಓಡಿದೆ. ಮಾವ ಹಬ್ಬಕ್ಕೆ ಸ್ಕೂಟರ್ ತೊಳೆಯಲು ಬಕೆಟ್ ಹಿಡಿದು ಇಳಿದು ಬಂದಿದ್ದರು. ಬೆಡ್‌ಶೀಟು ನೆಲದ ಮೇಲಿತ್ತು.

“ಇದರ ಕಾಲು ಎಲ್ಲಿ ಹೋಯ್ತು?”

ನಾನು ಚೀಲದಿಂದ ಕಿಕ್ಕರ್ ತೆಗೆದು ಕೊಟ್ಟೆ. ಮುರಿದ ಬೋಲ್ಟನ್ನು ಕೊಟ್ಟೆ. ಮೂರು ಕೆಜಿಯ ಮೂಟೆಯನ್ನೂ ಮುಂದಿಟ್ಟೆ. ಎಂಟು ಅಂಗಡಿಯ ಕಥೆ ಹೇಳಿದೆ. ಮಾವ ಬೈಯುತ್ತಾರೆಂದುಕೊಂಡಿದ್ದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

“ಅಂಗಡೀಲಿ ಹೇಗೆ ಸಿಗುತ್ತೆ? ಸುಜಿ ಹುಟ್ಟಿದ ವರ್ಷ ಇದರ ತೂತು ಸವೆದುಹೋಗಿತ್ತು. ಹತ್ತಕ್ಕೆ ಕೊರೆದ್ರೆ ಕಿಕ್ಕರ್ ಸೀಳುತ್ತೆ ಅಂತ ನಾನೇ ಒಂಬತ್ತಕ್ಕೆ ಕೊರೆದು, ನಾನೇ ಬೋಲ್ಟ್ ಮಾಡಿ ಹಾಕ್ದೆ. ಲೋಕದಲ್ಲಿ ಇದ್ದಿದ್ದೇ ಒಂದು. ಅದನ್ನ ನೀವು ಮುರಿದ್ರಿ! ಅಲ್ಲಾ, ಹದಿನಾರು ಮೆಟ್ಲು ಹತ್ತಿ ಒಂದು ಮಾತು ಕೇಳೋಕಾಗ್ಲಿಲ್ವಾ?”

ಊರಿಗೆಲ್ಲ ಹೇಳುವವನಿಗೆ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಮೇಲಿನಿಂದ ಅತ್ತೆ ಇಣುಕಿದರು. “ಏನಂದ್ರೆ, ನಾಳೆ ಗಾಡಿ ಹೊರಡಲ್ವಾ? ಸೀರೆ ಮಡಚಿ ಇಟ್ಬಿಡ್ಲಾ?”

“ಮಡಚ್ಬೇಡ,” ಎಂದರು ಮಾವ. ನನ್ನ ಕಡೆ ತಿರುಗಿ, “ನಿಮ್ಮ ಬೈಕ್ ತೆಗೀರಿ. ರಾಮಚಂದ್ರನ ಲೇತಿಗೆ ಹೋಗೋಣ.”

ರಾಮಚಂದ್ರ ಮಾವನ ಕೈಕೆಳಗೆ ಕೆಲಸ ಕಲಿತು, ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪ್ ಮಾಡಿಕೊಂಡವರು. ನನ್ನ ಬೈಕಿನಲ್ಲಿ ನಾವು ತಲುಪಿದಾಗ ಅವರು ಷಟರ್ ಎಳೆಯುತ್ತಿದ್ದರು. ಒಳಗೆ ಲೇತಿಗೆ ಚೆಂಡುಹೂವಿನ ಹಾರ, ಕುಂಕುಮ. ಬಾಗಿಲಲ್ಲಿ ಒಡೆದ ಬೂದುಗುಂಬಳ. ನಾಳೆ ರಜೆಯಾದ್ದರಿಂದ ಹಿಂದಿನ ದಿನವೇ ಪೂಜೆ ಆಗಿಹೋಗಿತ್ತು!

ಇಂಥ ಸಂದರ್ಭಕ್ಕೇ ಅಲ್ಲವೇ ನಾನಿರುವುದು? ಮುಂದೆ ನುಗ್ಗಿದೆ. “ಅರ್ಧ ಗಂಟೆ ಮೆಷಿನ್ ಬಿಟ್ಕೊಡಿ ರಾಮಚಂದ್ರಪ್ಪಾ. ರೇಟ್ ಎಷ್ಟು ಹೇಳಿ, ನೋಡೋಣ.”

ಅವರ ಮುಖ ಸಪ್ಪಗಾಯಿತು. “ಪೂಜೆ ಆದ ಮೆಷಿನ್ನ ಹಬ್ಬ ಮುಗಿಯೋ ತನಕ ಓಡ್ಸಲ್ಲ ಸಾರ್. ದುಡ್ಡಿಗಂತೂ ಓಡ್ಸೋದೇ ಇಲ್ಲ.”

“ಡಬಲ್ ಕೊಡ್ತೀನಿ!” ಎಂದೆ.

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು. “ಅಳಿಯಂದ್ರೇ, ನೀವು ಅಲ್ಲಿ ಕೂತು ಸ್ವಲ್ಪ ಬೂಂದಿ ತಿನ್ನಿ.”

ಕೂತೆ. ತಿಂದೆ. ಮಾವ ಚಪ್ಪಲಿ ಬಿಟ್ಟು ಲೇತಿನ ಹತ್ತಿರ ಹೋಗಿ ಕಣ್ಣಿಗೊತ್ತಿಕೊಂಡರು. “ನಾಳೆ ಅವಳನ್ನ ಕೂರಿಸ್ಕೊಂಡು ಹೋಗ್ಬೇಕಿತ್ತು ಕಣಪ್ಪಾ ರಾಮ. ಮುಂದಿನ ವರ್ಷ ಈ ಮಂಡಿ ಏನನ್ನುತ್ತೋ,” ಎಂದರು, ಅಷ್ಟೇ.

ರಾಮಚಂದ್ರ ತಾವೇ ಹಾರವನ್ನು ಪಕ್ಕಕ್ಕೆ ಸರಿಸಿದರು. “ನಂಗೆ ಕೈ ಹಿಡಿದು ಕಲಿಸಿದ್ದು ಇದೇ ಮೆಷಿನ್ನಲ್ಲಿ ಮೇಷ್ಟ್ರೇ. ಕಂಪನಿಯವ್ರು ಮಾರಿದಾಗ ಅದಕ್ಕೇ ನಾನು ಕೊಂಡಿದ್ದು. ನೀವು ಮುಟ್ಟಿದ್ರೆ ಅದೂ ಪೂಜೆನೇ,” ಎಂದು ಸ್ವಿಚ್ ಹಾಕಿದರು.

ಮಾವ ಲೇತಿನ ಹಿಡಿಕೆ ತಿರುಗಿಸಿದರು. ಸರಳಿನಿಂದ ಸುರುಳಿ ಸುರುಳಿಯಾಗಿ ಕಬ್ಬಿಣ ಕಳಚಿ ಬಿತ್ತು. ಬಾಯಲ್ಲಿ ಬೂಂದಿ ಇಟ್ಟುಕೊಂಡು ಅಗಿಯುವುದನ್ನು ಮರೆತು ನೋಡಿದೆ. ಒಂದು ಬೋಲ್ಟಾದ ಮೇಲೆ ಮಾವ ನಿಲ್ಲಿಸಲಿಲ್ಲ. ಇನ್ನೊಂದು ಮಾಡಿದರು.

ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ನೆರೆದಿದ್ದರು. ಮೊದಲ ಕಿಕ್ಕಿಗೆ ಸ್ಕೂಟರ್ ಕೆಮ್ಮಿತು. ಎರಡನೆಯದಕ್ಕೆ ಬೀದಿಯೆಲ್ಲ ಹೊಗೆ! ಅತ್ತೆ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹತ್ತಿ ಕೂತರು. ನಿಂಬೆಹಣ್ಣು ಪಚಕ್ ಎಂದಿತು. ಹಾಲಿನ ಬೂತಿನವರೆಗೆ ಹೋಗುವುದನ್ನು ಸುಜಾತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನೋಡಿದಳು. ನನ್ನ ಕಣ್ಣಲ್ಲಿ ಬಂದದ್ದು ಹೊಗೆಗೆ.

ವಾಪಸು ಬಂದ ಮಾವ ಜೇಬಿನಿಂದ ಎರಡನೆಯ ಬೋಲ್ಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಇದು ನಿಮಗೆ. ಮುಂದಿನ ಹಬ್ಬಕ್ಕೆ ಮತ್ತೆ ಬಿಗಿ ಮಾಡ್ತೀರಲ್ಲ, ಆಗ ಬೇಕಾಗುತ್ತೆ.”

“ಬಿಗಿ ಮಾಡೋಕೆ ಸ್ಪ್ಯಾನರ್ ಬೇಕಲ್ಲಪ್ಪಾ,” ಎಂದಳು ಸುಜಾತ. ಸ್ಪ್ಯಾನರ್ ಆಗಲೇ ಬೀರು ಸೇರಿತ್ತು. ಬೀಗದ ಕೈ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಓದುಗರಲ್ಲಿ ಯಾರಿಗಾದರೂ ಹತ್ತರ ಬೋಲ್ಟು ಬೇಕಿದ್ದರೆ ಬಂದು ಒಯ್ಯಿರಿ. ಮೂರು ಕೆಜಿಗೆ ಎರಡೇ ಕಡಿಮೆ. ಚೌಕಾಸಿ ಮಾಡುವ ಕಷ್ಟ ತೆಗೆದುಕೊಳ್ಳಬೇಡಿ, ಪುಕ್ಕಟೆ ಕೊಡುತ್ತೇನೆ. ವಾಷರಿನ ಸಮೇತ!