ಪಿನ್ಸ್ಕಿಯ ಹೆಸರಿನ ಚೀಟಿ

ಎಲ್ಲಕ್ಕೂ ಕಾರಣ ಒಂದು ತುಂಡು ಹಳಸಲು ಮೀನು. ಮಹಾನಟ ಕ್ಲಿಫರ್ಡ್ ವೇನ್ ಅದನ್ನು ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟ. ಬೆಳಿಗ್ಗೆ ಹತ್ತಕ್ಕೆ ಓರ್ವಿಲ್ ಪಿನ್ಸ್ಕಿಯ ಮನೆಯಲ್ಲಿ ಫೋನು ಬಡಿದುಕೊಂಡಿತು.

"ಪಿನ್ಸ್ಕಿ, ಮಧ್ಯಾಹ್ನದ ಆಟಕ್ಕೆ ವೇನ್ ಬದಲು ಮುದಿ ಕ್ಯಾಪ್ಟನ್ ನೀನೇ," ಎಂದಳು ರಂಗಮಂದಿರದ ಮ್ಯಾನೇಜರ್ ಮ್ಯೂರಿಯಲ್. "ಪೇಪರಿನ ವಿಮರ್ಶಕ ಬರ್ತಿದಾನೆ. ವೇನ್ ಹೇಗೂ ಮುಂದಿನ ತಿಂಗಳು ಹಾಲಿವುಡ್‌ಗೆ ಹೊರಟ. ನಿನ್ನ ಹೆಸರು ಪೇಪರಲ್ಲಿ ಚೆನ್ನಾಗಿ ಬಂತೋ, ಪಾತ್ರ ನಿನಗೇ ಖಾಯಂ."

ಪಿನ್ಸ್ಕಿ ಹಿಂದೆ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತ. ಇರಲಿಲ್ಲ.

ಪಾಪ, ಹನ್ನೊಂದು ವರ್ಷ ಬ್ರಾಡ್‌ವೇ ನಾಟಕಗಳಲ್ಲಿ ಬದಲಿ ನಟ. ಯಾರಾದರೂ ಹುಷಾರು ತಪ್ಪಲಿ ಎಂದು ಕಾದಿದ್ದೇ ಬಂತು. ಅವರೆಲ್ಲ ಗುಂಡುಕಲ್ಲಿನ ಹಾಗಿದ್ದರು. ಬೆಳ್ಳಿತೆರೆಯ ಮೇಲೂ ಒಮ್ಮೆ ಮಿಂಚಿದ್ದುಂಟು, ಎಡ ಮೊಣಕೈ ಮಾತ್ರ.

ಬಿದ್ದ ಸದ್ದಿಗೆ ಕೆಳಮನೆಯ ಫಿಲೊಮಿನಾ ರಿಜ್ಜೋ ಏದುಸಿರು ಬಿಡುತ್ತ ಬಂದಳು. ಸುದ್ದಿ ಕೇಳಿ ಅವನ ಕೆನ್ನೆ ಹಿಂಡಿದಳು.

"ಅಯ್ಯೋ ನನ್ನಪ್ಪಾ! ನನ್ನ ಆರೂ ಜನ ತಂಗೀರಿಗೆ ತಿಳಿಸ್ಬೇಕು! ಒಳ್ಳೇದಾಗ್—"

ಪಿನ್ಸ್ಕಿ ಹಾರಿ ಅವಳ ಬಾಯಿ ಮುಚ್ಚಿದ. "ಬೇಡಿ ರಿಜ್ಜೋ ಅಮ್ಮಾ! ನಾಟಕದವರಿಗೆ ಶುಭ ಕೋರಿದರೆ ಅಪಶಕುನ. ಅದರ ಬದಲು ಕಾಲು ಮುರೀಲಿ ಅಂತ ಹರಸಿ."

"ಥೂ, ಬಿಡ್ತು ಅನ್ನು!"

ರಂಗಮಂದಿರದ ಬಾಗಿಲಲ್ಲಿ ಮ್ಯೂರಿಯಲ್ ಒಂದು ಕಟ್ಟು ಚೀಟಿ ಇಟ್ಟಿದ್ದಳು: 'ಇಂದು ವೇನ್ ಬದಲಿಗೆ ಓರ್ವಿಲ್ ಪಿನ್ಸ್ಕಿ.' ಪ್ರೇಕ್ಷಕರ ಕೈಗೆ ಕೊಡುವ ಪುಸ್ತಿಕೆಯಲ್ಲೆಲ್ಲ ಒಂದೊಂದು ಸೇರಬೇಕು. ಅದಿಲ್ಲದಿದ್ದರೆ ಗುರುತು ಹತ್ತುವುದು ಹೇಗೆ? ಕ್ಯಾಪ್ಟನ್‌ಗೆ ಕಣ್ಣಿನವರೆಗೂ ಅಂಟಿಸಿದ ಗಡ್ಡ. ರಿಜ್ಜೋ ಅಮ್ಮ ಎಲ್ಲರಿಗಿಂತ ಮೊದಲೇ ಬಂದು, ದೊಡ್ಡ ಚೀಲ ಹಿಡಿದು ಅಲ್ಲೇ ನಿಂತಿದ್ದಳು.

ಆಟದ ಕೊನೆಗೆ ಕ್ಯಾಪ್ಟನ್ ಅಳುವಾಗ ಗಡ್ಡ ಕಿತ್ತು ಪಿನ್ಸ್ಕಿಯ ಬಾಯಿಗೆ ಬಂತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅಗಿಯುತ್ತಲೇ ಅತ್ತ. ಜನ ಗೊಳೋ ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಸಂಜೆಯ ಪೇಪರನ್ನು ಅವನು ಮೆಟ್ಟಿಲ ಮೇಲೆಯೇ ಬಿಚ್ಚಿದ. 'ಕ್ಲಿಫರ್ಡ್ ವೇನ್ ಇಂದು ಕಲ್ಲನ್ನೂ ಕರಗಿಸಿದರು. ಗಡ್ಡ ಅಗಿಯುತ್ತ ಅತ್ತ ಆ ಗಳಿಗೆಗೆ ಸಾಟಿಯಿಲ್ಲ!'

ಪಿನ್ಸ್ಕಿ ರಿಜ್ಜೋ ಅಮ್ಮನ ಮನೆಗೆ ನುಗ್ಗಿದ. "ವೇನಾ? ನನ್ನ ಚೀಟಿ ಏನಾಯ್ತು?"

"ಇಲ್ಲಿದಾವಲ್ಲೋ ಮಗನೇ!" ರಿಜ್ಜೋ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಚೀಲ ಸುರಿದಳು. "ಒಂದನ್ನೂ ಬಿಡ್ಲಿಲ್ಲ. ನಿನ್ನ ಹೆಸರು ಅಚ್ಚಾಗಿದೆ, ಆ ಜನ ತುಳಿದು ಹೋಗ್ತಾರಲ್ಲ! ತಂಗೀರಿಗೆಲ್ಲ ಹಂಚ್ತೀನಿ."

ಅಷ್ಟರಲ್ಲಿ ಮೇಲೆ ಪಿನ್ಸ್ಕಿಯ ಮನೆಯ ಫೋನು ಬಡಿದುಕೊಂಡಿತು. ಓಡಿದ.

"ಆಡಿದ್ದು ನೀನು ಅಂತ ವಿಮರ್ಶಕನಿಗೆ ಎಷ್ಟು ಹೇಳಿದರೂ ಕೇಳ್ಲಿಲ್ಲ ಕಣೋ," ಎಂದಳು ಮ್ಯೂರಿಯಲ್. "'ವೇನ್ ನಟನೆ ನನಗೆ ಗೊತ್ತಿಲ್ವಾ' ಅಂತ ನನಗೇ ಬೈದ. ವೇನ್ ಪೇಪರ್ ಓದಿ ಎದ್ದು ಕೂತಿದಾನೆ. ಹಾಲಿವುಡ್ ಬೇಡವಂತೆ, ಇನ್ನೂ ಎರಡು ವರ್ಷ ಇಲ್ಲೇ ಅಂತೆ. ಮತ್ತೆ ಪಿನ್ಸ್ಕಿ..."

"ಏನು?"

"ನಾಳೆ ಬೇಗ ಬಾ. ಗಡ್ಡ ಅಗಿಯೋದು ಹೇಗೆ ಅಂತ ಅವನಿಗೆ ಕಲಿಸ್ಬೇಕಂತೆ."

ಪಿನ್ಸ್ಕಿ ಹಿಂದೆ ನೋಡದೆ ಕೂತ. ಈ ಸಲ ಕುರ್ಚಿ ಇತ್ತು. ಅದರ ಕಾಲು ಮುರಿಯಿತು.