ನಾಲ್ಕು ತಾಲ್ಲೂಕು, ಒಂದು ಫುಟ್‌ಬಾಲ್ ಮ್ಯಾಚು

ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ಬಿಚ್ಚಿ, ಹಳೇ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ಪಾತಾಳದಿಂದ ನೀರೆತ್ತಿಸಬಲ್ಲ ಮನುಷ್ಯನಿಗೆ ಒಂದು ದಿನದ ಪ್ರವಾಸದ ಯೋಜನೆ ಹಾಕುವುದು ಯಾವ ದೊಡ್ಡ ವಿಷಯ? ಹೀಗೆಂದು ನಾನು ನನ್ನ ಹೆಂಡತಿ ಗೌರಿಯನ್ನು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಹೆಂಡತಿ ಉತ್ತರ ಕೊಡದಿದ್ದರೆ ಅದು ಒಪ್ಪಿಗೆ ಎಂದು ನಾನು ತಿಳಿದೆ. ಮೊದಲನೇ ತಪ್ಪು ಅದೇ!

ನಾನು ಚನ್ನಪಟ್ಟಣದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಎಂಟನೇ ಕ್ಲಾಸಿನ ಮೆಟ್ಟಿಲು ಹತ್ತಿ, ಗಣಿತದ ಮೇಷ್ಟ್ರ ಮುಖ ನೋಡಿ, ಅದೇ ಮೆಟ್ಟಿಲು ಇಳಿದು ಬಂದೆ. ಆಮೇಲೆ ನಾನು ಶಾಲೆಯ ಕಡೆ ತಿರುಗಿ ನೋಡಲಿಲ್ಲ, ಶಾಲೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ಇಬ್ಬರೂ ಸುಖವಾಗಿದ್ದೇವೆ. ಅಂದಿನಿಂದ ಇಂದಿನವರೆಗೆ ಯಾರ ಮುಂದೆಯೂ "ನನಗೆ ಇದು ಗೊತ್ತಿಲ್ಲ, ಒಸಿ ಹೇಳ್ಕೊಡಿ" ಎಂದು ಬಾಯಿ ಬಿಟ್ಟವನಲ್ಲ. ಗೊತ್ತಿಲ್ಲದ ಯಂತ್ರವನ್ನು ಬಿಚ್ಚಿ ನೋಡಿ ಕಲಿತಿದ್ದೇನೆ. ಫುಟ್‌ಬಾಲನ್ನು ಮಾತ್ರ ಬಿಚ್ಚಿ ನೋಡುವ ಸಂದರ್ಭ ಬಂದಿರಲಿಲ್ಲ.

ನನ್ನ ಮಗಳು ಪೂರ್ಣಿಮಾ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಾಳೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಮೊದಲನೇ ವರ್ಷ, ಹೆಣ್ಣುಮಕ್ಕಳಿಗೆ ಚೆಂಡು ಯಾಕೆ ಎಂದು ಕೂಗಾಡಿದವನು ನಾನೇ. ಆಮೇಲೆ ಕೂಗಾಟ ನಿಲ್ಲಿಸಿದೆ, ಆದರೆ ಆಟ ನೋಡಲು ಹೋಗಲಿಲ್ಲ. ಅವಳು ಕರೆದಾಗಲೆಲ್ಲ ಯಾರದೋ ಮೋಟಾರು ಸುಟ್ಟಿರುತ್ತಿತ್ತು. ಈ ಸಲ ಕನಕಪುರದಲ್ಲಿ ಕಾಲೇಜುಗಳ ಪಂದ್ಯಾವಳಿ. ತಂಡದ ಜೊತೆ ಹಿಂದಿನ ದಿನವೇ ಹೊರಟ ಮಗಳು ಬ್ಯಾಗು ಹೆಗಲಿಗೇರಿಸಿಕೊಂಡು ಹೇಳಿದಳು:

"ಅಪ್ಪಾ, ಇದು ಸೋತ್ರೆ ಇದೇ ನಂದು ಕೊನೇ ಮ್ಯಾಚು. ಆಮೇಲೆ ಪರೀಕ್ಷೆ, ಇನ್ನೆಲ್ಲಿ ಆಟ? ನಾಳೆ ಹನ್ನೊಂದು ಗಂಟೆಗೆ ಶುರು. ಬತ್ತೀಯಾ?"

"ಬತ್ತೀನಿ. ಮಾತು ಕೊಟ್ಟಾಯ್ತು."

"ಗೆಲ್ಲದು ಸೋಲದು ಆಮ್ಯಾಕೆ. ನಾನು ಆಡದ ನೀನು ಒಂದ್ಸಲ ನೋಡ್ಬೇಕು, ಅಷ್ಟೇಯ."

ಅವಳು ಹೊರಟ ಕೂಡಲೇ ಯೋಜನೆ ಹಾಕಲು ಕೂತೆ.

ಚನ್ನಪಟ್ಟಣದಿಂದ ಕನಕಪುರಕ್ಕೆ ಸಾತನೂರಿನ ಮೇಲೆ ನೇರ ದಾರಿಯಿದೆ. ಒಂದು ಗಂಟೆಯ ಹಾದಿ. ಆದರೆ ವರ್ಷಕ್ಕೊಂದು ದಿನ ಅಂಗಡಿ ಬಾಗಿಲು ಹಾಕುವವನು ನೇರ ದಾರಿಯಲ್ಲಿ ಹೋದರೆ ಅದು ಪ್ರವಾಸವೇ? ಮದುವೆ ಪತ್ರಿಕೆಯೊಂದರ ಬೆನ್ನ ಮೇಲೆ ಬರೆದೆ: ರಾಮನಗರದಲ್ಲಿ ನನ್ನ ಬಾಮೈದ, ಅಂದರೆ ಗೌರಿಯ ತಮ್ಮ ಮಹದೇವನ ಮನೆಯಲ್ಲಿ ತಿಂಡಿ. ಮಾಗಡಿ ದಾಟಿ ಕೆಂಪಾಪುರದಲ್ಲಿ ನನ್ನ ಅಕ್ಕ ಶಿವಮ್ಮನ ಮನೆಯಲ್ಲಿ ಊಟ. ಅಲ್ಲಿಂದ ಕನಕಪುರದಲ್ಲಿ ಮ್ಯಾಚು. ಸಂಜೆ ಸಾತನೂರಿನ ಮೇಲೆ ಮನೆಗೆ. ಹೆಂಡತಿಯ ಕಡೆ ಒಂದು ಮನೆ, ನನ್ನ ಕಡೆ ಒಂದು ಮನೆ. ಒಂದು ಮನೆಗೆ ಹೋಗಿ ಇನ್ನೊಂದು ಬಿಟ್ಟರೆ ಯುಗಾದಿಯವರೆಗೂ ಫೋನಿನಲ್ಲಿ ಬೈಸಿಕೊಳ್ಳಬೇಕು. ಹೈಕೋರ್ಟಿನ ಜಡ್ಜ್ ಕೂಡ ಇಷ್ಟು ಸಮನಾಗಿ ತೂಗಲಾರರು!

ಗೌರಿ ಪತ್ರಿಕೆ ನೋಡಿದಳು.

"ಮ್ಯಾಚು ಹನ್ನೊಂದಕ್ಕೆ. ಕನಕಪುರಕ್ಕೆ ಎರಡು ಗಂಟೆ ಅಂತ ಬರ್ದಿದೀರಲ್ಲ?"

"ಮ್ಯಾಚು ಅಂದ್ರೆ ಏನು ಅಂದ್ಕಂಡಿದೀಯ? ಬೆಳಿಗ್ಗೆಯಿಂದ ಸಂಜೆಗಂಟ ಆಡ್ತಾರೆ. ಮಧ್ಯ ಊಟಕ್ಕೆ ಬುಡ್ತಾರೆ. ಮುಖ್ಯವಾದ ಆಟ ಎಲ್ಲಾ ಊಟದ ಮೇಲೇನೆ."

"ಅದು ಕ್ರಿಕೆಟ್ಟು ಕಣ್ರೀ. ಫುಟ್ಬಾಲೂ ಹಂಗೇಯಾ? ಪೂರ್ಣಿಗೆ ಒಂದು ಫೋನ್ ಮಾಡಿ ಕೇಳಿ."

ಮಗಳನ್ನು ಕೇಳುವುದೇ? ನಾನೇ? ನನ್ನ ಬಳಿ ಪುರಾವೆ ಇತ್ತು. ಮ್ಯಾಚಿನ ದಿನಗಳಲ್ಲಿ ಪೂರ್ಣಿ ಮನೆ ಸೇರುತ್ತಿದ್ದುದೇ ಸಂಜೆ ಆರಕ್ಕೆ. ಬೆಳಿಗ್ಗೆ ಹೋದವಳು ಸಂಜೆ ಬರುತ್ತಾಳೆ ಎಂದರೆ ಆಟ ಸಂಜೆಯವರೆಗೆ ನಡೆಯುತ್ತದೆ ಎಂದಲ್ಲವೇ? ಓದಿದವರು ಇದನ್ನು ತರ್ಕ ಎನ್ನುತ್ತಾರಂತೆ. ನಾನು ಓದದೆಯೇ ಮಾಡಿದೆ.

ಮರುದಿನ ಬೆಳಿಗ್ಗೆ ಮೋಟಾರು ಸಾಗಿಸುವ ನನ್ನ ಹಳೇ ವ್ಯಾನು ತೊಳೆದು, ಊದುಬತ್ತಿ ಹಚ್ಚಿ ಹೊರಟೆವು. ಬಾಮೈದನ ಮನೆಯಲ್ಲಿ ಅರ್ಧ ಗಂಟೆ ಎಂದು ಬರೆದಿದ್ದೆ. ಅರ್ಧ ಗಂಟೆ ಬರೀ ಬಾಗಿಲಲ್ಲೇ ಹೋಯಿತು. "ಬನ್ನಿ ಭಾವ, ಕೂತ್ಕಳ್ಳಿ ಭಾವ, ಕಾಲು ತೊಳ್ಕಳಿ ಭಾವ." ಆಮೇಲೆ ಇಡ್ಲಿ. ಆಮೇಲೆ ಹೊಸದಾಗಿ ಕಟ್ಟಿಸಿದ ಮಹಡಿ ನೋಡಬೇಕು. ಮಹಡಿಯ ಮೇಲೆ ಇಟ್ಟ ನೀರಿನ ಟ್ಯಾಂಕು ನೋಡಬೇಕು. ಟ್ಯಾಂಕಿನೊಳಕ್ಕೂ ಬಗ್ಗಿ ನೋಡಿದೆ. ನೀರಿತ್ತು. ಬೀದಿಗೆ ಬರುವಷ್ಟರಲ್ಲಿ ಹತ್ತು ಗಂಟೆ.

ಗೌರಿ ವ್ಯಾನಿನ ಬಾಗಿಲು ಹಿಡಿದು ನಿಂತಳು.

"ಇಲ್ಲಿಂದ ನೇರವಾಗಿ ಕನಕಪುರಕ್ಕೆ ಹೋಗಣ. ನಿಮ್ಮಕ್ಕನ ಮನೆಗೆ ಇನ್ನೊಂದಿನ ಹೋದ್ರಾಯ್ತು."

"ನಿನ್ ತಮ್ಮನ ಮನೇಲಿ ಆರು ಇಡ್ಲಿ ತಿಂದ್ಬುಟ್ಟು, ನಮ್ಮಕ್ಕನ ಹೊಸ್ತಿಲು ತುಳೀದೆ ಹೋಗದಾ? ಅಕ್ಕ ಏನಂದಾಳು?"

"ಆರು ಇಡ್ಲಿ ತಿಂದೋರು ನೀವು!"

"ಯಾರು ತಿಂದ್ರೆ ಏನು? ಮನೆ ನಿನ್ ಕಡೇದು."

"ಹಂಗಾರೆ ನನ್ನ ಬಸ್ ಸ್ಟಾಂಡಿಗೆ ಬುಡಿ. ಆಧಾರ್ ಕಾರ್ಡು ತಂದಿವ್ನಿ, ಹೆಂಗಸ್ರಿಗೆ ಬಸ್ಸು ಫ್ರೀ. ನಿಮ್ಮ ಹಂಗೇನು ನಂಗೆ?"

ನಾನು ನಕ್ಕೆ. ಬಹಳ ಗಂಭೀರವಾಗಿ, ದೊಡ್ಡ ಮನಸ್ಸಿನಿಂದ ನಕ್ಕೆ. "ಹೋಗು, ಬೆಳಿಗ್ಗೆ ಆಟ ನೀನು ನೋಡ್ತಾ ಇರು. ಊಟದ ಬಿಡುವು ಮುಗಿಯೋದ್ರೊಳ್ಗೆ ನಾನು ಬತ್ತೀನಿ. ನೆರಳಲ್ಲಿ ಒಂದು ಜಾಗ ಹಿಡ್ಕಂಡಿರು."

ಅವಳು ಕನಕಪುರದ ಬಸ್ಸು ಹತ್ತಿದಳು. ನಾನು ಕನಕಪುರಕ್ಕೆ ಬೆನ್ನು ತಿರುಗಿಸಿ ಮಾಗಡಿ ರಸ್ತೆ ಹಿಡಿದೆ.

ಕೆಂಪಾಪುರ ತಲುಪಿದಾಗ ಹನ್ನೊಂದು ದಾಟಿತ್ತು. ಅವರೆಕಾಯಿಯ ಕಾಲ. ಅಕ್ಕ ಜಗುಲಿಯ ಮೇಲೆ ದೊಡ್ಡ ಬೇಸಿನ್ನು ಇಟ್ಟುಕೊಂಡು ಕೂತಿದ್ದಳು.

"ಬಾರೋ ರಾಜು! ನೀನು ಬತ್ತೀಯ ಅಂತ ಬೇಸಿನ್ ತುಂಬ ಅವರೆಕಾಳು ನೆನೆಯಾಕಿವ್ನಿ. ಹಿದುಕಿದ ಬೇಳೆ ಸಾರು ಮಾಡ್ತೀನಿ. ಒಸಿ ಹೊತ್ತು, ಅಷ್ಟೇಯ."

ಹಿದುಕಿದ ಬೇಳೆ ಎಂದರೆ ಬಲ್ಲವರು ಬಲ್ಲರು. ನೆನೆದ ಕಾಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಅಮುಕಬೇಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಬೇಕು. ಒಂದೊಂದಾಗಿ! ಬೇಸಿನ್ನಿನಲ್ಲಿ ಎಷ್ಟು ಕಾಳಿತ್ತೆಂದು ಎಣಿಸಲು ನಾನು ಎಂಟನೇ ಕ್ಲಾಸು ಪೂರ್ತಿ ಮಾಡಬೇಕಿತ್ತು. ಬೇಗ ಆಗಲೆಂದು ನಾನೂ ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಅಲ್ಲಿ ಮಗಳು ಹಾರಿ ಬರುವ ಚೆಂಡು ಹಿಡಿಯುತ್ತಿದ್ದಳು. ಇಲ್ಲಿ ಅಪ್ಪ ಹಾರಿ ಹೋಗುವ ಬೇಳೆ ಹಿಡಿಯುತ್ತಿದ್ದ. ಒಂದು ಬೇಳೆ ನೇರ ಹೋಗಿ ಪೇಪರು ಓದುತ್ತಿದ್ದ ಭಾವನ ಮೂಗಿಗೆ ಬಡಿಯಿತು. ಆ ದಿನ ನಾನು ಕಣ್ಣಾರೆ ಕಂಡ ಒಳ್ಳೆಯ ಹೊಡೆತ ಅದೊಂದೇ.

ಹನ್ನೆರಡಕ್ಕೆ ಮೊದಲೇ ಗೌರಿಯ ಫೋನು.

"ಎಲ್ಲಿದೀರಿ? ಅರ್ಧ ಆಟ ಮುಗೀತು. ಇನ್ನೂ ಯಾರೂ ಗೋಲ್ ಹಾಕಿಲ್ಲ. ಪೂರ್ಣಿ ಗಳಿಗೆಗೊಂದ್ಸಲ ಗೇಟ್ ಕಡೇನೇ ನೋಡ್ತಾವ್ಳೆ!"

"ಇಷ್ಟು ಬೇಗ ಊಟಕ್ಕೆ ಬುಟ್ರಾ?"

"ಊಟನಾ? ಕಿತ್ತಳೆಹಣ್ಣು ಕೊಡ್ತಾವ್ರೆ."

ಮೊದಲು ಹಣ್ಣು, ಆಮೇಲೆ ಊಟ. ಭಾರೀ ಅಚ್ಚುಕಟ್ಟಿನ ಪಂದ್ಯಾವಳಿ ಎಂದುಕೊಂಡೆ. "ಹೇಳು ಅವಳ್ಗೆ, ಅಪ್ಪ ದಾರೀಲವ್ರೆ ಅಂತ," ಎಂದು ಇನ್ನೊಂದು ಹಿಡಿ ಕಾಳು ಎಳೆದುಕೊಂಡೆ.

ಒಂದು ಗಂಟೆಗೆ ಎಲೆ ಹಾಕಿದರು. ಮುದ್ದೆ, ಹಿದುಕಿದ ಬೇಳೆ ಸಾರು, ಮೇಲೆ ತುಪ್ಪ. ಎರಡನೇ ಮುದ್ದೆ ಮುರಿಯುತ್ತಿದ್ದಾಗ ಭಾವ ಕೇಳಿದರು. ಭಾವ ಎಂದರೆ, ಪಂಪಿನ ಸ್ಟಾರ್ಟರಿನಲ್ಲಿ ಹಸಿರು ಬಟನ್ನು ಒತ್ತಬೇಕೋ ಕೆಂಪು ಒತ್ತಬೇಕೋ ಎಂದು ಈಗಲೂ ನನಗೆ ಫೋನು ಮಾಡುವ ಮನುಷ್ಯ.

"ಮಗಳು ಆಡದು ಫುಟ್‌ಬಾಲಲ್ವೇನೋ ರಾಜು?"

"ಹೂಂ ಭಾವ. ಊಟ ಮುಗಿಸ್ಕಂಡು ಹೊಂಟ್ರೆ ಸರಿಹೋಯ್ತದೆ."

"ಹನ್ನೊಂದಕ್ಕೆ ಶುರುವಾಗಿದ್ರೆ ಈಗ್ಲೇ ಮುಗ್ದೋಗಿರ್ತದಲ್ಲೋ! ಅದು ಒಂದೂವರೆ ಗಂಟೆ ಆಟ. ಟೀವೀಲಿ ನೋಡಿಲ್ವಾ ನೀನು?"

ಮುದ್ದೆ ಗಂಟಲಲ್ಲಿ ನಿಂತಿತು. ಮುದ್ದೆ ಅಗಿಯುವ ವಸ್ತುವಲ್ಲ, ಹೀಗಾಗಿ ನಾನೇನೂ ಮಾಡುವಂತಿರಲಿಲ್ಲ. ನೀರು ಕುಡಿದು ದಡಕ್ಕನೆ ಏಳಹೋದೆ. ಅಕ್ಕ ಭುಜ ಹಿಡಿದು ಕೂರಿಸಿದಳು.

"ಎಲೆ ಮುಂದಿನಿಂದ ಅರ್ಧಕ್ಕೆ ಏಳ್ತಾರೇನೋ? ಏನ್ ನಿಂಗೆ ಬುದ್ಧಿ ಐತೋ ಇಲ್ವೋ? ಕೂತ್ಕಂಡು ತಿನ್ನು!"

ತಿಂದೆ. ಇಷ್ಟು ರುಚಿಯಾದ ಊಟವನ್ನು ಇಷ್ಟು ದುಃಖದಿಂದ ಮಾಗಡಿ ತಾಲ್ಲೂಕಿನಲ್ಲಿ ಯಾರೂ ಉಂಡಿರಲಾರರು. ಹೊರಡುವಾಗ ಅಕ್ಕ ಕ್ಯಾರಿಯರಿನಲ್ಲಿ ಸಾರು ಮುದ್ದೆ ತುಂಬಿಸಿ, "ಮಗೀಗೆ ಕೊಡು" ಎಂದು ವ್ಯಾನಿನೊಳಗಿಟ್ಟಳು.

ಆಟ ಸಮವಾಗಿದ್ದರೆ ಮತ್ತೆ ಆಡಿಸಿರಬಹುದು ಎಂಬ ಒಂದೇ ಆಸೆಯಲ್ಲಿ ವ್ಯಾನು ಓಡಿಸಿದೆ. ದೊಡ್ಡ ರಸ್ತೆ ಬಿಟ್ಟು ನನಗೊಬ್ಬನಿಗೇ ಗೊತ್ತಿರುವ ಅಡ್ಡದಾರಿ ಹಿಡಿದೆ. ಆ ದಾರಿ ನನಗೆ ಗೊತ್ತಿದ್ದುದು ಅಲ್ಲಿ ನನ್ನ ಗಿರಾಕಿಗಳಿದ್ದುದರಿಂದ ಎಂಬುದನ್ನು ಮರೆತಿದ್ದೆ! ಎರಡನೇ ತಿರುವಿನಲ್ಲಿ ರೈತನೊಬ್ಬ ವ್ಯಾನಿನ ಗುರುತು ಹಿಡಿದು, ಟ್ರ್ಯಾಕ್ಟರನ್ನು ದಾರಿಗೆ ಅಡ್ಡ ನಿಲ್ಲಿಸಿಬಿಟ್ಟ.

"ರಾಜಣ್ಣ! ಎಂಟು ದಿನದಿಂದ ನಾಳೆ ನಾಳೆ ಅಂತಿದೀಯ. ನನ್ ಮೋಟಾರು ಎಲ್ಲಣ್ಣ?"

"ತಮ್ಮಾ, ನನ್ ಮಗಳ ಫುಟ್‌ಬಾಲ್ ಮ್ಯಾಚು..."

"ಹೋದ ವಾರ ನಿಮ್ಮಜ್ಜಿ ಸತ್ರು ಅಂದೆ. ಈ ವಾರ ಫುಟ್‌ಬಾಲಾ?"

ಅವನು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅವನ ಮೋಟಾರು ಖಂಡಿತ ಒಳಗಿಲ್ಲವೆಂದು ಖಾತ್ರಿಯಾದ ಮೇಲೆ, ಸೋಮವಾರಕ್ಕೆ ನನ್ನಿಂದ ದೇವರ ಆಣೆ ಹಾಕಿಸಿಕೊಂಡು ದಾರಿ ಬಿಟ್ಟ.

ಕನಕಪುರದ ಮೈದಾನ ಮುಟ್ಟಿದಾಗ ಮೂರು ಗಂಟೆ. ನಂಬುತ್ತೀರೋ ಇಲ್ಲವೋ, ಆಟ ನಡೆಯುತ್ತಿತ್ತು! ದೂರದ ಕಂಬಗಳ ನಡುವೆ ಕಿತ್ತಳೆ ಬಣ್ಣದ ಅಂಗಿ, ಕೈಗೆ ಗ್ಲೌಸು, ಎತ್ತಿ ಕಟ್ಟಿದ ಕೂದಲು. ನಮ್ಮ ಮನೆಯ ತಂತಿಯ ಮೇಲೆ ಮೂರು ವರ್ಷ ಒಣಗಿದ ಅಂಗಿ ಅದೇ! ಭಾವನಿಗೆ ಏನು ಗೊತ್ತು ಫುಟ್‌ಬಾಲು? ನಾನು ಹೇಳಿದ್ದೇ ಸರಿ, ಸಂಜೆಯವರೆಗೆ ಆಡುತ್ತಾರೆ! ಕ್ಯಾರಿಯರು ಹಿಡಿದುಕೊಂಡೇ ಗೆರೆಯ ಪಕ್ಕಕ್ಕೆ ಓಡಿದೆ. ಮೂರು ವರ್ಷದ ಬಾಕಿ ಒಂದೇ ಉಸಿರಿಗೆ ಹೊರಬಂತು.

"ಹಿಡಿ ಕಂದಾ! ಬುಡಬ್ಯಾಡ! ಅಪ್ಪ ಬಂದಿವ್ನಿ ಕಣವ್ವಾ!"

ಮೈದಾನ ತಿರುಗಿ ನೋಡಿತು. ಹುಡುಗಿಯೂ ತಿರುಗಿ ನೋಡಿದಳು. ಅಷ್ಟರಲ್ಲಿ ಚೆಂಡು ಅವಳ ಪಕ್ಕದಿಂದ ಒಳಗೆ ಹೋಯಿತು. ನಾನು ಪೀಪಿ ಊದುವವನ ಮೇಲೆ ಹರಿಹಾಯ್ದೆ. ಪಕ್ಕದಲ್ಲಿದ್ದ ಬಿಳಿ ಅಂಗಿಯವರು ನನ್ನ ತೋಳು ಮುಟ್ಟಿದರು.

"ಯಾಕೆ ಸ್ವಾಮಿ ಹಂಗೆ ಕೂಗ್ತೀರಿ? ಮಗು ಗಮನ ತಪ್ತು."

"ನನ್ ಮಗಳು, ನಾನು ಕೂಗ್ತೀನಿ. ನಿಮಗೇನು?"

"ನನಗೇನು ಅಂದ್ರೆ? ಅವ್ಳು ನನ್ ಮಗಳು!"

ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಗೌರಿ. ಅವಳ ಹಿಂದೆ ಹೊಂಗೆ ಮರದ ಕೆಳಗೆ, ಮುಖ ತೊಳೆದು, ಬ್ಯಾಗು ಕಟ್ಟಿಕೊಂಡು ಕೂತಿದ್ದಳು ಪೂರ್ಣಿ. ಈಗ ನಡೆಯುತ್ತಿದ್ದುದು ಫೈನಲ್. ನಾನು ಗಂಟಲು ಹರಿದುಕೊಂಡದ್ದು ಬೆಳಿಗ್ಗೆ ನನ್ನ ಮಗಳನ್ನು ಸೋಲಿಸಿ ಮನೆಗೆ ಕಳಿಸಿದ ತಂಡಕ್ಕೆ!

"ಒಂದೇ ಗೋಲಲ್ಲಿ ಹೋಯ್ತು," ಎಂದಳು ಗೌರಿ. "ಅದಕ್ಮುಂಚೆ ಒಂದು ಪೆನಾಲ್ಟಿ ಕೊಟ್ರು. ಎದುರಿಗೆ ಒಬ್ಳೇ ನಿಂತ್ಕಂಡು ಹೊಡುದ್ಲು. ಪೂರ್ಣಿ ಹಾರಿ ಹಿಡ್ದುಬುಟ್ಲು ಕಣ್ರೀ! ಮೈದಾನಕ್ಕೆ ಮೈದಾನವೇ ಎದ್ದು ನಿಂತ್ಕತು."

"ಹೆಂಗೆ ಹಿಡುದ್ಲು?"

"ನೋಡ್ದೋರ್ಗೆ ಗೊತ್ತು," ಎಂದು ಗೌರಿ ಸೆರಗು ಕೊಡವಿದಳು.

ಪೂರ್ಣಿ ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಏನಾದರೂ ಹೇಳಲು ಬರುತ್ತಿತ್ತು. "ಊಟ ಆಯ್ತೇನಪ್ಪಾ?" ಎಂದಳು. ನಾನು ಕ್ಯಾರಿಯರು ಮುಂದಿಟ್ಟೆ. ಮುದ್ದೆ ತಣ್ಣಗಾಗಿತ್ತು. ಹಸಿದಿದ್ದಳು, ತಲೆ ಬಗ್ಗಿಸಿ ತಿಂದಳು.

"ಸಾರು ಚೆನ್ನಾಗೈತೆ."

"ಬೇಳೆ ನಾನೇ ಹಿದುಕಿದ್ದು," ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಅದು ಎಂಥ ನೀರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟಕ್ಕೆ ನನಗೆ ಬುದ್ಧಿ ಬಂದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮರುದಿನ ಅಂಗಡಿಗೆ ಪಕ್ಕದ ಟೀ ಅಂಗಡಿಯ ಸಿದ್ದಪ್ಪ ಬಂದು, "ಮಗಳ ಆಟ ಹೆಂಗಿತ್ತು ರಾಜಣ್ಣ?" ಎಂದ. ನೋಡಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಏನ್ ಕೇಳ್ತೀಯ ಸಿದ್ದಪ್ಪ! ಪೆನಾಲ್ಟಿ. ಎದುರಿಗೆ ರಾಕ್ಷಸಿ ಥರ ಒಬ್ಳು. ಹೊಡುದ್ಲು ನೋಡು ಬಾಂಬ್ ಹೊಡ್ದಂಗೆ! ನನ್ ಮಗಳು ಎಡಕ್ಕೆ ಹಾರಿ, ಗಾಳೀಲೇ ತಿರುಗಿ, ಎರಡು ಕೈಯಲ್ಲೂ..."

"ಬಲಕ್ಕಪ್ಪಾ."

ಊಟದ ಡಬ್ಬಿ ಹಿಡಿದು ಪೂರ್ಣಿ ಬಾಗಿಲಲ್ಲಿ ನಿಂತಿದ್ದಳು.

ಸಿದ್ದಪ್ಪ ಒಳ್ಳೆಯ ಮನುಷ್ಯ. ನನ್ನ ಸಹಾಯಕ್ಕೆ ಬಂದ. "ನಿಮ್ಮಪ್ಪ ಎದುರುಗಡೆ ಕೂತಿದ್ರು ಅಂತ ಕಾಣ್ತದೆ ಕಣವ್ವ. ಆ ಕಡೆಯಿಂದ ನೋಡಿದ್ರೆ ಬಲ ಎಡ ಆಯ್ತದೆ. ಎಲ್ಲಿ ಕೂತಿದ್ದೆ ರಾಜಣ್ಣ?"

ಪೂರ್ಣಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ನನ್ನನ್ನೇ ನೋಡಿದಳು.

"ಕೆಂಪಾಪುರದಲ್ಲಿ," ಎಂದೆ.